ಸಹಿ ಯಾರದು, ಬೆರಳು ಯಾರದು?

ಅನೇಕ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಗುಮಾಸ್ತರ ಮೇಜಿನ ಡ್ರಾಯರಿನೊಳಗೆ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಡಬ್ಬಿಯ ತುಂಬ ಪೆನ್‌ಡ್ರೈವಿನಂತೆ ಕಾಣುವ ಹತ್ತಾರು ಸಣ್ಣ ಸಾಧನಗಳು. ಒಂದೊಂದಕ್ಕೂ ಅಂಟಿಸಿದ ಚೀಟಿಯ ಮೇಲೆ ಒಬ್ಬೊಬ್ಬ ಗೃಹಸ್ಥರ ಹೆಸರು. ಕೆಲವು ಚೀಟಿಗಳಲ್ಲಿ ಹೆಸರಿನ ಕೆಳಗೇ ಅದನ್ನು ತೆರೆಯುವ ಗುಪ್ತಸಂಖ್ಯೆ. ಇವು ಡಿಜಿಟಲ್ ಸಹಿಗಳು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇವಕ್ಕೆ ಕೈಬರಹದ ಸಹಿಯಷ್ಟೇ ಮಾನ್ಯತೆಯನ್ನು ಕೊಟ್ಟಿದೆ. ಆ ಹೆಸರುಗಳ ಒಡೆಯರಲ್ಲಿ ಬಸದಿಯ ಅಧ್ಯಕ್ಷರಿದ್ದಾರೆ, ಪಾಠಶಾಲೆಯ ಕಾರ್ಯದರ್ಶಿಗಳಿದ್ದಾರೆ, ವಿದ್ಯಾರ್ಥಿನಿಲಯದ ಕೋಶಾಧ್ಯಕ್ಷರಿದ್ದಾರೆ. ಬಸದಿಯ ಚೆಕ್ ಪುಸ್ತಕದ ಹಾಳೆಗಳಿಗೆಲ್ಲ ಮೊದಲೇ ಸಹಿ ಹಾಕಿ ಪರರ ಡ್ರಾಯರಿನಲ್ಲಿ ಇಟ್ಟು ಬರಲು ಇವರಲ್ಲಿ ಯಾರೂ ಒಪ್ಪುವವರಲ್ಲ. ಆದರೆ ಚೆಕ್ಕಿಗಿಂತ ವ್ಯಾಪಕವಾದ ಅಧಿಕಾರವುಳ್ಳ ಈ ಸಹಿಯನ್ನು ವರ್ಷಗಟ್ಟಲೆ ಅಲ್ಲಿಯೇ ಬಿಟ್ಟಿರುತ್ತಾರೆ. ಅದು ಅಲ್ಲಿದೆಯೆಂಬ ನೆನಪೂ ಹಲವರಿಗೆ ಇರುವುದಿಲ್ಲ.

ಡಿಜಿಟಲ್ ಸಹಿ ಇಲ್ಲದವರ ಕಥೆಯೂ ಬೇರೆಯಲ್ಲ. ಜುಲೈ ತಿಂಗಳ ಕೊನೆಯ ವಾರದಲ್ಲಿ ದೂರವಾಣಿ ಬರುತ್ತದೆ: "ಯಜಮಾನರೇ, ಈಗೊಂದು ನಂಬರ್ ಬಂದಿರುತ್ತದೆ, ಸ್ವಲ್ಪ ಹೇಳಿಬಿಡಿ." ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತ ಯಜಮಾನರು ಕನ್ನಡಕ ಹುಡುಕಿ, ಆರು ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಪಕ್ಕದ ಎಲೆಯವರಿಗೂ ಅದು ಕೇಳಿಸುತ್ತದೆ. ಆ ಕ್ಷಣದಲ್ಲಿ ಅವರು ಮಾಡಿದ್ದೇನು? ತಾವು ಕಣ್ಣಿಂದ ಕಾಣದ ಒಂದು ಆದಾಯ ವಿವರಪಟ್ಟಿಯು ತಮ್ಮ ತಿಳಿವಳಿಕೆಯ ಮಟ್ಟಿಗೆ ಸರಿಯೂ ಪೂರ್ಣವೂ ಆಗಿದೆಯೆಂದು ಸರಕಾರದ ಮುಂದೆ ಘೋಷಿಸಿದ್ದಾರೆ. ಓಟಿಪಿ ಎಂಬುದು ಬೀಗ ತೆಗೆಯುವ ಸಂಖ್ಯೆ ಮಾತ್ರವಲ್ಲ. ಆದಾಯ ತೆರಿಗೆಯ ಜಾಲತಾಣದಲ್ಲಿ ಅದು ಸಹಿ. ಕಾಗದದ ಕಾಲದಲ್ಲಿ ಕೊನೆಯ ಪುಟದ ಕೆಳಗೆ ಹಾಕುತ್ತಿದ್ದ ಸಹಿಯ ಸ್ಥಾನವನ್ನು ಈಗ ಈ ಆರು ಅಂಕಿಗಳು ವಹಿಸಿಕೊಂಡಿವೆ.

ಈ ಮಾತನ್ನು ಎತ್ತಿದಾಗಲೆಲ್ಲ ಸಮಾಜದ ಹಿರಿಯರಿಂದ ಬರುವ ಉತ್ತರ ಒಂದೇ: "ಅದು ಬರಿಯ ಕಂಪ್ಯೂಟರಿನ ಕೆಲಸ, ಅದರಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿಂದ ಬಂತು?" ಖಂಡಿಸಬೇಕಾದದ್ದು ಈ ಉತ್ತರವನ್ನೇ. ಸಾಧನ ಬದಲಾದ ಮಾತ್ರಕ್ಕೆ ಸಾಕ್ಷ್ಯದ ಹೊಣೆ ಬದಲಾಗುವುದಾದರೆ, ತಾಳೆಗರಿಯ ಮೇಲೆ ಬರೆದ ಸುಳ್ಳಿಗೆ ದೋಷವಿದ್ದು ಕಾಗದದ ಸುಳ್ಳಿಗೆ ದೋಷವಿಲ್ಲವೆಂದು ಹೇಳಬೇಕಾಗುತ್ತದೆ.

ಆದರೂ ನ್ಯಾಯವಾದ ಒಂದು ಮಾತನ್ನು ಮೊದಲು ಒಪ್ಪಲೇಬೇಕು. ಜನ ಈ ಅಡ್ಡದಾರಿಯನ್ನು ಹಿಡಿದದ್ದು ಮೋಸ ಮಾಡುವ ಇಚ್ಛೆಯಿಂದಲ್ಲ. ನೇರವಾದ ದಾರಿಯಲ್ಲಿ ಹೊರಟವರು ಮತ್ತೆ ಮತ್ತೆ ಮುಗ್ಗರಿಸಿ ಬಿದ್ದದ್ದರಿಂದ. ಗುರುತಿನ ದೃಢೀಕರಣ ಕೈಕೊಡುತ್ತದೆ, ಮತ್ತು ಏಕೆ ಕೈಕೊಟ್ಟಿತೆಂಬುದನ್ನು ಅದು ಹೇಳುವುದಿಲ್ಲ. "ವಿವರಗಳು ಹೊಂದಿಕೆಯಾಗುತ್ತಿಲ್ಲ" ಎಂಬರ್ಥದ ಒಂದು ಸಾಲನ್ನು ಕೆಂಪಕ್ಷರದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಯಾವ ವಿವರ, ಯಾವುದರೊಡನೆ ಎಂಬುದನ್ನು ಗೃಹಸ್ಥನೇ ಕಂಡುಕೊಳ್ಳಬೇಕು.

ಈ ತೊಡಕಿನ ಮೂಲ 2017ರಲ್ಲಿದೆ. ಆ ವರ್ಷದ ಹಣಕಾಸು ಕಾಯಿದೆಯು 1961ರ ಆದಾಯ ತೆರಿಗೆ ಕಾಯಿದೆಗೆ 139ಎಎ ಎಂಬ ಕಲಮನ್ನು ಸೇರಿಸಿ ಪ್ಯಾನ್ ಸಂಖ್ಯೆಯನ್ನು ಆಧಾರ್ ಸಂಖ್ಯೆಗೆ ಜೋಡಿಸುವುದನ್ನು ಕಡ್ಡಾಯಗೊಳಿಸಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬ್ಯಾಂಕ್ ಖಾತೆಗೂ ಮೊಬೈಲಿಗೂ ಆಧಾರ್ ಕಡ್ಡಾಯವಲ್ಲವೆಂದು ಹೇಳಿದರೂ ಈ ಕಲಮನ್ನು ಎತ್ತಿಹಿಡಿಯಿತು. ಗಡುವು ಹಲವು ಬಾರಿ ಮುಂದೆ ಹೋಯಿತು. 2022ರ ಏಪ್ರಿಲಿನಿಂದ 500 ರೂಪಾಯಿ, ಜುಲೈಯಿಂದ 1000 ರೂಪಾಯಿ ಶುಲ್ಕ ಬಂತು. ಕಡೆಗೆ 2023ರ ಜುಲೈ 1ರಿಂದ ಜೋಡಣೆಯಾಗದ ಪ್ಯಾನ್‌ಗಳು ನಿಷ್ಕ್ರಿಯವಾದವು. ಪ್ಯಾನ್ ನಿಷ್ಕ್ರಿಯವಾದರೆ ಮರುಪಾವತಿ ಬರುವುದಿಲ್ಲ, ತಡವಾದ ಮರುಪಾವತಿಗೆ ಬಡ್ಡಿಯೂ ಇಲ್ಲ, ಮೂಲದಲ್ಲಿ ತೆರಿಗೆ ಹೆಚ್ಚಿನ ದರದಲ್ಲಿ ಕಡಿತವಾಗುತ್ತದೆ. ಇಷ್ಟು ಮಾತ್ರವಾಗಿದ್ದರೆ ಅದು ಆಯಾ ವ್ಯಕ್ತಿಯ ನಷ್ಟ. ಆದರೆ ಬಸದಿಯ ಟ್ರಸ್ಟಿನ ವಿವರಪಟ್ಟಿಯನ್ನು ದೃಢೀಕರಿಸುವುದು ಧರ್ಮದರ್ಶಿಯೊಬ್ಬರ ಗುರುತು. ಅವರ ಸ್ವಂತ ಪ್ಯಾನ್ ಆಧಾರಿಗೆ ಜೋಡಣೆಯಾಗಿಲ್ಲವೆಂದರೆ, ಅವರ ಆಧಾರ್ ಓಟಿಪಿಯಿಂದ ಸಂಸ್ಥೆಯ ವಿವರಪಟ್ಟಿಯ ದೃಢೀಕರಣವೂ ನಡೆಯದು. ಒಬ್ಬರ ಹೆಸರಿನಲ್ಲಿರುವ ಒಂದಕ್ಷರದ ದೋಷ ದೇವರ ಲೆಕ್ಕಕ್ಕೂ ಅಂಟಿಕೊಳ್ಳುತ್ತದೆ.

ಹೆಸರಿನ ವಿಷಯದಲ್ಲಿ ಕನ್ನಡ ನಾಡಿನ ಜೈನರ ಕಷ್ಟ ವಿಶೇಷವಾದದ್ದು. ಇಲ್ಲಿ ಹೆಸರಿನ ಮುಂದೆ ಒಂದೆರಡು ಮೊದಲಕ್ಷರಗಳನ್ನಿಟ್ಟು ಬರೆಯುವುದು ರೂಢಿ. ಆ ಅಕ್ಷರ ಊರಿನದೋ ತಂದೆಯದೋ ಎಂಬುದು ಮನೆಯವರಿಗೆ ಮಾತ್ರ ಗೊತ್ತು. ಪ್ಯಾನ್ ಅರ್ಜಿಯಾದರೋ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಮನೆಗಳನ್ನು ಮುಂದಿಟ್ಟು, ಮೊದಲಕ್ಷರಗಳನ್ನು ಬಿಡಿಸಿ ಬರೆಯಿರಿ ಎಂದಿತು. ಅರ್ಜಿ ತುಂಬಿದವನು ತನಗೆ ತೋಚಿದಂತೆ ತಂದೆಯ ಹೆಸರನ್ನು ಕೊನೆಯ ಮನೆಗೆ ತಳ್ಳಿದನು. ಆಧಾರ್ ನೋಂದಣಿಯ ಶಿಬಿರದಲ್ಲಿ ಮತ್ತೊಬ್ಬನು ಮೊದಲಕ್ಷರವನ್ನು ಹಾಗೆಯೇ ಉಳಿಸಿದನು. ಬ್ಯಾಂಕಿನಲ್ಲಿ 'ಜೈನ್' ಎಂಬುದು ಸೇರಿಕೊಂಡಿತು. ಶಾಲೆಯ ದಾಖಲೆಯಲ್ಲಿ ಅದು ಇರಲೇ ಇಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಧರಣೇಂದ್ರ ಎಂಬ ಹೆಸರಿನ ನಡುವಣ ಅಕಾರ ಒಂದು ಕಾರ್ಡಿನಲ್ಲಿ ಉಳಿದು ಇನ್ನೊಂದರಲ್ಲಿ ಬಿದ್ದುಹೋಗಿರುತ್ತದೆ. ಜಿನ್ನಪ್ಪನ ಒತ್ತಕ್ಷರ, ಪಾಟೀಲರ ದೀರ್ಘ, ಶೆಟ್ಟಿಯವರ ಕೊನೆಯ ಸ್ವರ ಇವೆಲ್ಲಕ್ಕೂ ಇದೇ ಗತಿ. ಇನ್ನು ಹೆಣ್ಣುಮಕ್ಕಳ ಪಾಡನ್ನು ಕೇಳುವವರಿಲ್ಲ. ತವರಿನಲ್ಲಿದ್ದಾಗ ಮಾಡಿಸಿದ ಪ್ಯಾನಿನಲ್ಲಿ ತಂದೆಯ ಹೆಸರು, ಮದುವೆಯ ನಂತರ ಮಾಡಿಸಿದ ಆಧಾರಿನಲ್ಲಿ ಗಂಡನ ಹೆಸರು. ಕಂಪ್ಯೂಟರಿನ ದೃಷ್ಟಿಯಲ್ಲಿ ಆಕೆ ಇಬ್ಬರು ಸ್ತ್ರೀಯರು.

ಹುಟ್ಟಿದ ದಿನದ್ದು ಇನ್ನೊಂದು ಬಗೆ. ಹಳೆಯ ಕಾಲದ ಆಧಾರ್ ಪತ್ರಗಳಲ್ಲಿ ಅನೇಕರಿಗೆ ಹುಟ್ಟಿದ ವರ್ಷ ಮಾತ್ರ ದಾಖಲಾಗಿದೆ. ಪ್ಯಾನಿನಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಇರುತ್ತದೆ. ಜೋಡಣೆಯ ಪುಟದಲ್ಲಿ 'ಆಧಾರಿನಲ್ಲಿ ವರ್ಷ ಮಾತ್ರ ಇದೆ' ಎಂದು ಗುರುತು ಹಾಕುವ ಒಂದು ಚೌಕವಿದೆ. ಅದನ್ನು ಗಮನಿಸದೆ ಹತ್ತು ಸಲ ಸೋತು, ಶುಲ್ಕ ವ್ಯರ್ಥವಾಯಿತೆಂದು ಕೈಚೆಲ್ಲಿದವರುಂಟು.

ಎಲ್ಲಕ್ಕಿಂತ ಕೆಟ್ಟದ್ದು ಮೊಬೈಲ್ ಸಂಖ್ಯೆಯ ಅವಸ್ಥೆ. 2010ರ ನಂತರ ನಡೆದ ಆಧಾರ್ ಶಿಬಿರಗಳಲ್ಲಿ ಮನೆಯವರೆಲ್ಲರಿಗೂ ಒಂದೇ ಸಂಖ್ಯೆಯನ್ನು, ಕೆಲವೊಮ್ಮೆ ಪಕ್ಕದ ಅಂಗಡಿಯವನ ಸಂಖ್ಯೆಯನ್ನು, ಬರೆಸಿ ಬಂದವರು ಎಷ್ಟೋ ಮಂದಿ. ಆಗ ಅದರಿಂದ ಏನಾಗುವುದೆಂದು ಯಾರಿಗೂ ತಿಳಿದಿರಲಿಲ್ಲ. ಆಧಾರ್ ಓಟಿಪಿ ಆಧಾರಿನಲ್ಲಿ ದಾಖಲಾದ ಸಂಖ್ಯೆಗೇ ಹೋಗುತ್ತದೆ. ಗೃಹಸ್ಥನ ಕೈಯಲ್ಲಿ ಈಗ ಯಾವ ಫೋನ್ ಇದೆಯೆಂಬುದರ ಗೊಡವೆ ಅದಕ್ಕಿಲ್ಲ. ಹಣ ತುಂಬದೆ ಬಿಟ್ಟ ಸಂಖ್ಯೆ ನಿಂತುಹೋಗುತ್ತದೆ, ಮತ್ತು ನಿಂತ ಸಂಖ್ಯೆಯನ್ನು 90 ದಿನಗಳ ನಂತರ ದೂರವಾಣಿ ಸಂಸ್ಥೆಗಳು ಇನ್ನೊಬ್ಬರಿಗೆ ಕೊಡಬಹುದು. ಯಾರ ಕೈಗೆ ತನ್ನ ಸಹಿ ಹೋಗುತ್ತಿದೆಯೆಂಬುದನ್ನೂ ಅರಿಯದ ಸ್ಥಿತಿ ಇದು.

ಬ್ಯಾಂಕ್ ಖಾತೆಯ ಮೂಲಕ ದೃಢೀಕರಿಸೋಣವೆಂದು ಹೊರಟವರಿಗೆ ಕರ್ನಾಟಕದಲ್ಲಿ ಮತ್ತೊಂದು ಎಡರು ಕಾದಿರುತ್ತದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳೊಡನೆ ವಿಲೀನವಾದವು. ಕರಾವಳಿಯ, ಮಲೆನಾಡಿನ ಎಷ್ಟು ಕುಟುಂಬಗಳ, ಎಷ್ಟು ಬಸದಿಗಳ ಖಾತೆಗಳು ಈ ಬ್ಯಾಂಕುಗಳಲ್ಲಿದ್ದವೆಂಬುದನ್ನು ಹೇಳಬೇಕಾಗಿಲ್ಲ. ವಿಲೀನದ ಬಳಿಕ ಶಾಖೆಯ ಐಎಫ್‌ಎಸ್‌ಸಿ ಸಂಕೇತ ಬದಲಾಯಿತು. ತೆರಿಗೆ ಜಾಲತಾಣದಲ್ಲಿ ಮಾತ್ರ ಹಳೆಯ ಸಂಕೇತ ಹಾಗೆಯೇ ಉಳಿದ ಖಾತೆಗಳಿಗೆ ದೃಢೀಕರಣ ಸಂಖ್ಯೆಯೂ ಬಾರದು, ಮರುಪಾವತಿಯೂ ಬಾರದು. ಹೊಸ ಸಂಕೇತದೊಡನೆ ಖಾತೆಯನ್ನು ಮತ್ತೊಮ್ಮೆ ಮಾನ್ಯ ಮಾಡಿಸಿಕೊಂಡರೆ ಈ ತೊಂದರೆ ತೀರುತ್ತದೆ. ಬ್ಯಾಂಕಿನಲ್ಲಿ ಪ್ಯಾನ್ ಮತ್ತು ಮೊಬೈಲ್ ಸರಿಯಾಗಿ ನಮೂದಾಗಿರಬೇಕು, ಅಷ್ಟೆ.

ಹೀಗೆ ದಾಖಲೆಗಳು ತಪ್ಪಿದ್ದಾಗ ಮಾಡಬೇಕಾದದ್ದು ದಾಖಲೆಯನ್ನು ತಿದ್ದಿಸುವುದು. ಸಮಾಜ ಮಾಡುತ್ತಿರುವುದು ಗುರುತನ್ನೇ ಪರಭಾರೆ ಮಾಡುವುದು. ಆಡಿಟರ ಕಚೇರಿಯ ಹುಡುಗ ಬಸದಿಯ ಖಾತೆಗೆ ತನ್ನ ಮೊಬೈಲ್ ಸಂಖ್ಯೆಯನ್ನೂ ತನ್ನ ಇ-ಮೇಲನ್ನೂ ಕೊಟ್ಟು ಕೆಲಸ ಮುಗಿಸುತ್ತಾನೆ. ಅಧ್ಯಕ್ಷರಿಗೆ ಸಂತೋಷ, ಇನ್ನು ಫೋನ್ ಬರುವ ಕಾಟವೇ ಇಲ್ಲ. ಮೂರು ವರ್ಷಗಳ ಮೇಲೆ ಆ ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋಗುತ್ತಾನೆ. ಪಾಸ್‌ವರ್ಡ್ ಅವನ ನೆನಪಿನೊಡನೆ ಹೋಗುತ್ತದೆ. ಆದಾಯ ತೆರಿಗೆಯ ಪರಿಶೀಲನೆ ಮುಖಾಮುಖಿಯಿಲ್ಲದ ಪದ್ಧತಿಗೆ 2020ರಿಂದೀಚೆಗೆ ತಿರುಗಿದೆ. ನೋಟೀಸುಗಳು ಜಾಲತಾಣದ ಖಾತೆಗೆ, ನೋಂದಾಯಿತ ಇ-ಮೇಲಿಗೆ ಬರುತ್ತವೆ. ಪೋಸ್ಟ್‌ಮನ್ ಬಸದಿಯ ಬಾಗಿಲಿಗೆ ಬರುವನೆಂದು ಕಾಯುತ್ತ ಕುಳಿತವರಿಗೆ ಉತ್ತರಿಸುವ ಅವಧಿ ಮುಗಿದುಹೋದದ್ದೂ ತಿಳಿಯದು.

ಇದು ಕಲ್ಪನೆಯ ಭಯವಲ್ಲ. 2020ರ ಹಣಕಾಸು ಕಾಯಿದೆಯು ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳೆಲ್ಲ ಮತ್ತೆ ನೋಂದಣಿ ಪಡೆಯಬೇಕೆಂದು ವಿಧಿಸಿತು. ಶಾಶ್ವತವೆಂದು ನಂಬಿದ್ದ ಹಳೆಯ 12ಎ ನೋಂದಣಿಯ ಬದಲು ಐದು ವರ್ಷಗಳ ನೋಂದಣಿ ಬಂತು. 2021ರ ಜೂನ್ 7ರಂದು ಆರಂಭವಾದ ಹೊಸ ಜಾಲತಾಣ ಮೊದಲ ತಿಂಗಳುಗಳಲ್ಲಿ ಎಷ್ಟು ತೊಡಕಿನದಾಗಿತ್ತೆಂದರೆ, ಅದನ್ನು ನಿರ್ಮಿಸಿದ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಮುಖ್ಯಾಧಿಕಾರಿಯನ್ನು ಹಣಕಾಸು ಸಚಿವರು ಆಗಸ್ಟ್ 23ರಂದು ಕರೆಸಿ ವಿವರಣೆ ಕೇಳಿದರು. ನಮೂನೆ 10ಎ ಸಲ್ಲಿಸುವ ಗಡುವು ಮತ್ತೆ ಮತ್ತೆ ಮುಂದುವರಿದು 2024ರ ಜೂನ್ 30ರವರೆಗೆ ಬಂತು. ಆಗ ಐದು ವರ್ಷಕ್ಕೆ ನೋಂದಣಿ ಪಡೆದ ಹಳೆಯ ಸಂಸ್ಥೆಗಳ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂತಿತ್ತು. ನವೀಕರಣದ ಅರ್ಜಿ 2025ರ ಸೆಪ್ಟೆಂಬರ್ 30ರೊಳಗೆ ಸಲ್ಲಬೇಕಿತ್ತು. ಖಾತೆಯೊಳಗೆ ಪ್ರವೇಶಿಸಲಾಗದವರು ಆ ಅರ್ಜಿಯನ್ನು ಸಲ್ಲಿಸುವುದಾದರೂ ಹೇಗೆ? ನೋಂದಣಿ ತಪ್ಪಿದರೆ ಕಾಣಿಕೆಗೂ ಬಾಡಿಗೆಗೂ ಠೇವಣಿಯ ಬಡ್ಡಿಗೂ ಇದ್ದ ವಿನಾಯಿತಿ ತಪ್ಪುತ್ತದೆ. ಪೂಜೆಗೆಂದು, ಶಾಸ್ತ್ರದಾನಕ್ಕೆಂದು ಶ್ರಾವಕರು ಕೊಟ್ಟ ಹಣದಲ್ಲಿ ತೆರಿಗೆ ಕಟ್ಟಬೇಕಾಗಿ ಬಂದರೆ ಅದಕ್ಕೆ ಉತ್ತರ ಕೊಡಬೇಕಾದವರು ಊರುಬಿಟ್ಟ ಆ ಹುಡುಗನಲ್ಲ. ಹುಂಡಿಯನ್ನು ಹತ್ತು ಜನರ ಎದುರಿನಲ್ಲೇ ತೆರೆಯಬೇಕೆಂದು ಪಟ್ಟು ಹಿಡಿಯುವ ಆಡಳಿತ ಮಂಡಳಿಗಳು ಬಸದಿಯ ತೆರಿಗೆ ಖಾತೆಯ ಕೀಲಿ ಯಾರಲ್ಲಿದೆಯೆಂದು ಒಮ್ಮೆಯಾದರೂ ಕೇಳಿವೆಯೆ?

ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಪರರು ಹೇಳದ ಮಾತನ್ನು ಅವರೇ ಹೇಳಿದರೆಂಬಂತೆ ಬರೆಯುವ ಕೃತ್ಯವನ್ನು ವ್ಯಾಖ್ಯಾನಕಾರರು ಈ ಹೆಸರಿನಲ್ಲಿ ಗುರುತಿಸುತ್ತಾರೆ. ವ್ಯಾಖ್ಯಾನದಲ್ಲಿ ವಂಚನೆಯ ಉದ್ದೇಶವನ್ನೂ ಹೇಳಿದೆ, ಇಲ್ಲಿ ಅದಿಲ್ಲವಲ್ಲ ಎಂದು ವಾದಿಸುವ ಪಂಡಿತರಿದ್ದಾರೆ. ಬಹುಮಟ್ಟಿಗೆ ಅದು ನಿಜವೇ. ಆದರೆ ವ್ರತಭಂಗವಾದ ಮೇಲೆ ಅದನ್ನು ಅನಾಚಾರವೆನ್ನುತ್ತಾರೆ. ಭಂಗದತ್ತ ಜಾರುವ ಹೆಜ್ಜೆಗೆ ಅತಿಚಾರವೆಂದು ಹೆಸರು. ಅಧ್ಯಕ್ಷರು ನೋಡದ ಲೆಕ್ಕವನ್ನು 'ನಾನು ನೋಡಿ ದೃಢೀಕರಿಸಿದ್ದೇನೆ' ಎಂದು ಅವರ ಹೆಸರಿನಲ್ಲಿ ಗುಮಾಸ್ತ ಬರೆಯುತ್ತಾನೆ; ಬರೆಯಲು ಅಧ್ಯಕ್ಷರು ಅಂಕಿ ಓದಿ ಹೇಳುತ್ತಾರೆ. ಸಾಲಿಗೆ ಸಾಲು ಹೊಂದುವ ಉದಾಹರಣೆಯನ್ನು ಇದಕ್ಕಿಂತ ಹತ್ತಿರದಲ್ಲಿ ಹುಡುಕಬೇಕಾಗಿಲ್ಲ. ಮುನಿದೀಕ್ಷೆಯನ್ನು ಸ್ವೀಕರಿಸಿ ಸರ್ವವನ್ನೂ ತ್ಯಜಿಸಿದವರ ಪೂರ್ವಾಶ್ರಮದ ಪ್ಯಾನ್ ಖಾತೆಗೆ ಮಗನು ಓಟಿಪಿ ಹಾಕುತ್ತಿದ್ದರೆ ಅದನ್ನು ಏನೆಂದು ಕರೆಯಬೇಕೋ ಪಂಡಿತರೇ ಹೇಳಲಿ.

ಲೌಕಿಕ ಕಾನೂನೂ ಇಲ್ಲಿ ಮೃದುವಾಗಿಲ್ಲ. ದೃಢೀಕರಣದಲ್ಲಿ ಸುಳ್ಳು ಹೇಳಿಕೆ ಕೊಡುವುದನ್ನು 1961ರ ಕಾಯಿದೆಯ 277ನೆಯ ಕಲಂ ಅಪರಾಧವೆಂದಿತ್ತು. ಸುಳ್ಳೆಂದು ಗೊತ್ತಿದ್ದು ಹೇಳಿದವನು ಮಾತ್ರವಲ್ಲ, ನಿಜವೆಂದು ನಂಬದೆ ಹೇಳಿದವನೂ ಅದರ ವ್ಯಾಪ್ತಿಗೆ ಬರುತ್ತಿದ್ದನು. 2026ರ ಏಪ್ರಿಲ್ 1ರಿಂದ ಜಾರಿಯೆಂದು ನಿಗದಿಯಾದ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ದೃಢೀಕರಿಸಿದವನ ಹೊಣೆ ಹೋಗಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಂ ಡಿಜಿಟಲ್ ಸಹಿಯ ಒಡೆಯನು ಅದರ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಲು ತಕ್ಕ ಎಚ್ಚರಿಕೆ ವಹಿಸಬೇಕೆನ್ನುತ್ತದೆ. ಪರರ ಡಬ್ಬಿಯಲ್ಲಿ ಬಿಟ್ಟು ಬಂದವನು ಯಾವ ಎಚ್ಚರಿಕೆಯನ್ನು ತೋರಿಸಬಲ್ಲನು?

ಇಲ್ಲಿ ಪ್ರತಿವಾದವೊಂದು ಏಳುತ್ತದೆ. ಮೂವತ್ತು ವರ್ಷಗಳಿಂದ ಬಸದಿಯ ಲೆಕ್ಕವನ್ನು ಬಿಡಿಗಾಸು ಪಡೆಯದೆ ನೋಡಿಕೊಂಡು ಬಂದ ಆಡಿಟರನ್ನು ಅನುಮಾನಿಸುವುದು ಕೃತಘ್ನತೆಯಲ್ಲವೆ? ಎಪ್ಪತ್ತೈದು ದಾಟಿದ ಧರ್ಮದರ್ಶಿಗಳು ಕಂಪ್ಯೂಟರಿನ ಮುಂದೆ ಕುಳಿತು ಏನು ಮಾಡಬಲ್ಲರು? ವಾದದ ಮೊದಲ ಭಾಗ ಪ್ರಶ್ನೆಯನ್ನೇ ತಪ್ಪಾಗಿ ಹಿಡಿದಿದೆ. ಆಡಿಟರು ಸಜ್ಜನರೆಂಬುದರಲ್ಲಿ ವಿವಾದವಿಲ್ಲ. ಲೆಕ್ಕವನ್ನು ಪರೀಕ್ಷಿಸುವವನೂ ಲೆಕ್ಕಕ್ಕೆ ಸಹಿ ಹಾಕುವವನೂ ಒಬ್ಬನೇ ಆಗಬಾರದೆಂಬುದು ಅವರ ವೃತ್ತಿಯ ಮೂಲತತ್ತ್ವ. ಅದನ್ನು ಉಳಿಸಿಕೊಳ್ಳಲು ಬಿಡುವುದೇ ಅವರಿಗೆ ಸಲ್ಲಿಸುವ ಗೌರವ. ಒಳ್ಳೆಯ ಆಡಿಟರುಗಳು ಪರರ ಪಾಸ್‌ವರ್ಡನ್ನು ಇಟ್ಟುಕೊಳ್ಳಲು ಇಷ್ಟಪಡುವುದೂ ಇಲ್ಲ. ಕಕ್ಷಿದಾರರು ತಳ್ಳಿ ಹೋಗುವುದರಿಂದ ಇಟ್ಟುಕೊಂಡಿರುತ್ತಾರೆ.

ಎರಡನೆಯ ಭಾಗಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ, ಅದನ್ನು ಹುಡುಕುವ ತಾಳ್ಮೆ ಬೇಕು. ಜಾಲತಾಣದಲ್ಲಿ ಲೆಕ್ಕಪರಿಶೋಧಕರನ್ನು ಅವರ ಸದಸ್ಯತ್ವ ಸಂಖ್ಯೆಯಿಂದ ಸೇರಿಸಿ, ಅವರು ತುಂಬಬೇಕಾದ ನಮೂನೆಗಳನ್ನು ಮಾತ್ರ ಅವರಿಗೆ ಒಪ್ಪಿಸುವ ವ್ಯವಸ್ಥೆಯಿದೆ. ಅವರು ತಮ್ಮ ಖಾತೆಯಿಂದ ತಮ್ಮ ಸಹಿಯಲ್ಲಿ ಸಲ್ಲಿಸುತ್ತಾರೆ, ಟ್ರಸ್ಟಿನವರು ತಮ್ಮ ಖಾತೆಯಲ್ಲಿ ನೋಡಿ ಒಪ್ಪುತ್ತಾರೆ. ತಾನಾಗಿ ಮಾಡಲಾಗದ ವ್ಯಕ್ತಿ ಅಧಿಕಾರಪತ್ರದ ಮೂಲಕ ಇನ್ನೊಬ್ಬರನ್ನು ನೇಮಿಸಬಹುದು. ಆಗ ಆ ಇನ್ನೊಬ್ಬರು ತಮ್ಮ ಹೆಸರಿನಲ್ಲೇ ಪ್ರವೇಶಿಸಿ, ಇಂಥವರ ಪರವಾಗಿ ಎಂದು ಕಾಣುವಂತೆ ಸಹಿ ಮಾಡುತ್ತಾರೆ. ಕದ್ದು ಮಾಡುವುದಕ್ಕೂ ಪರವಾಗಿ ಮಾಡುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಚಿಕ್ಕ ವ್ಯತ್ಯಾಸವಲ್ಲ. ತೀರಿಕೊಂಡವರ ಖಾತೆಗೆ ವಾರಸುದಾರನಾಗಿ ನೋಂದಾಯಿಸಿಕೊಳ್ಳುವ ದಾರಿಯುಂಟು. ತಂದೆಯ ಫೋನನ್ನು ಜೀವಂತವಾಗಿಟ್ಟು ಅವರ ಹೆಸರಿನಲ್ಲಿ ಓಟಿಪಿ ಹಾಕುತ್ತ ಹೋಗುವುದು ಪಿತೃಭಕ್ತಿಯಲ್ಲ.

ಏನೂ ಸಾಗದಿದ್ದರೆ ಕಾಗದದ ಬಾಗಿಲು ಇನ್ನೂ ಮುಚ್ಚಿಲ್ಲವೆಂಬುದು ಹಲವರಿಗೆ ತಿಳಿದಿಲ್ಲ. ವಿವರಪಟ್ಟಿಯನ್ನು ಜಾಲತಾಣದಲ್ಲಿ ಸಲ್ಲಿಸಿ, ಐಟಿಆರ್-ವಿ ಎಂಬ ಸ್ವೀಕೃತಿ ಹಾಳೆಯನ್ನು ಮುದ್ರಿಸಿ, ಶಾಯಿಯಲ್ಲಿ ಸಹಿ ಮಾಡಿ, ಬೆಂಗಳೂರು 560500 ಇಲ್ಲಿರುವ ಇಲಾಖೆಯ ಕೇಂದ್ರೀಕೃತ ಸಂಸ್ಕರಣ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸುವ ಪದ್ಧತಿ ಡಿಜಿಟಲ್ ಸಹಿ ಕಡ್ಡಾಯವಲ್ಲದವರಿಗೆ ಇದ್ದೇ ಇದೆ. ಮೊದಲು ಇದಕ್ಕೆ 120 ದಿನಗಳಿದ್ದವು. 2022ರ ಆಗಸ್ಟ್ 1ರಿಂದ 30 ದಿನಗಳು. ಆ ಅವಧಿಯೊಳಗೆ ತಲುಪದಿದ್ದರೆ ತಡವಾಗಿ ಸಲ್ಲಿಸಿದಂತೆ ಲೆಕ್ಕ. ನೆಟ್ ಬ್ಯಾಂಕಿಂಗ್ ಮೂಲಕ, ಮಾನ್ಯ ಮಾಡಿಸಿದ ಬ್ಯಾಂಕ್ ಅಥವಾ ಡಿಮ್ಯಾಟ್ ಖಾತೆಯ ಮೂಲಕ ಪಡೆಯುವ ದೃಢೀಕರಣ ಸಂಕೇತವು 72 ಗಂಟೆ ಬಾಳುತ್ತದೆ; ಆಧಾರಿನ ಮೊಬೈಲ್ ಕೈಯಲ್ಲಿಲ್ಲದವರಿಗೆ ಇದು ಸಾಕು. ಜಾಲತಾಣವೇ ಕಳಿಸುವ ಓಟಿಪಿಯಾದರೆ 15 ನಿಮಿಷ, ಮೂರು ಪ್ರಯತ್ನ. ಗಾಬರಿಯಲ್ಲಿ ಮತ್ತೆ ಮತ್ತೆ ತರಿಸಿಕೊಂಡು ಮೊದಲು ಬಂದದ್ದನ್ನು ಹಾಕಿದರೆ ಅದು ತಪ್ಪೆನ್ನದೆ ಇನ್ನೇನು ಹೇಳೀತು?

ದಾಖಲೆ ತಿದ್ದಿಸುವವರು ಆತುರಪಡಬಾರದು. ಜೋಡಣೆಯಾಗಿದೆಯೋ ಇಲ್ಲವೋ ಎಂಬುದನ್ನು ತೆರಿಗೆ ಜಾಲತಾಣದ ಮುಖಪುಟದಲ್ಲಿಯೇ, ಪಾಸ್‌ವರ್ಡ್ ಇಲ್ಲದೆ, ನೋಡಬಹುದು. ಆಧಾರಿನಲ್ಲಿರುವ ಮೊಬೈಲ್ ಯಾವುದೆಂಬ ಸಂದೇಹವಿದ್ದರೆ ಆಧಾರ್ ಪ್ರಾಧಿಕಾರದ ತಾಣದಲ್ಲಿ ಪರೀಕ್ಷಿಸಿಕೊಳ್ಳಬಹುದು. ಸಹಾಯಕ್ಕೆ 1947 ಎಂಬ ಸಂಖ್ಯೆಯಿದೆ. ಬಳಿಕ ಎರಡು ಪತ್ರಗಳನ್ನು ಎದುರಿಗಿಟ್ಟುಕೊಂಡು, ಶಾಲೆಯ ಅಂಕಪಟ್ಟಿಗೆ ಹೊಂದುವುದು ಯಾವುದೆಂದು ನಿಶ್ಚಯಿಸಿ, ಹೊಂದದ್ದನ್ನು ಮಾತ್ರ ತಿದ್ದಿಸಬೇಕು. ಆಧಾರಿನಲ್ಲಿ ಹೆಸರನ್ನು ಎರಡು ಬಾರಿ, ಹುಟ್ಟಿದ ದಿನವನ್ನು ಒಂದೇ ಬಾರಿ ಬದಲಿಸಲು ಸಾಮಾನ್ಯವಾಗಿ ಅವಕಾಶ. ಯಾರೋ ಹೇಳಿದರೆಂದು ಸರಿಯಾದದ್ದನ್ನೇ ತಪ್ಪಿಗೆ ತಿದ್ದಿಸಿಕೊಂಡವರ ಬವಣೆ ದೊಡ್ಡದು. ನಿಷ್ಕ್ರಿಯವಾದ ಪ್ಯಾನಿಗೆ 1000 ರೂಪಾಯಿ ಕಟ್ಟಿ ಜೋಡಣೆಯ ಕೋರಿಕೆ ಸಲ್ಲಿಸಿದ ಮೇಲೂ ಅದು ಸಕ್ರಿಯವಾಗಲು 30 ದಿನಗಳವರೆಗೆ ಹಿಡಿಯಬಹುದು. ಎಲ್ಲ ತಿದ್ದಿಯೂ ಹೊಂದಿಕೆಯಾಗದಿದ್ದರೆ ಪ್ಯಾನ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಜೋಡಿಸುವ ಕ್ರಮವೂ ಉಂಟು. ಇವೆಲ್ಲ ಗಡುವಿನ ಹಿಂದಿನ ರಾತ್ರಿ ಆಗುವ ಕೆಲಸಗಳಲ್ಲ. ಮಾಘ ಫಾಲ್ಗುಣದಲ್ಲಿ ಆರಂಭಿಸಿದವರಿಗೆ ಆಷಾಢದಲ್ಲಿ ಓಡಾಟವಿಲ್ಲ.

ಸರಕಾರವನ್ನು ಹೊಗಳಿ ಈ ಮಾತನ್ನು ಮುಗಿಸಲಾಗದು. ಶಿಬಿರದಲ್ಲಿ ಹೆಸರನ್ನು ತಪ್ಪಾಗಿ ಒತ್ತಿದವನು ಸರಕಾರದ ಪರವಾಗಿ ಕುಳಿತವನು. ಅದನ್ನು ತಿದ್ದಿಸಲು ಬಸ್ಸು ಹತ್ತಿ, ಸಾಲಿನಲ್ಲಿ ನಿಂತು, ಮೇಲೆ ಸಾವಿರ ರೂಪಾಯಿ ತೆರುವವಳು ಅಳದಂಗಡಿಯ ಅಜ್ಜಿ. ಆಧಾರ್ ಪತ್ರದ ಮೇಲೆ ಕನ್ನಡದಲ್ಲಿ ಅಚ್ಚುಕಟ್ಟಾಗಿ ಹೆಸರು ಮುದ್ರಿತವಾಗಿದೆ, ಆದರೆ ಹೊಂದಿಕೆ ನೋಡುವುದು ಇಂಗ್ಲಿಷ್ ಕಾಗುಣಿತವನ್ನು. ಆಧಾರ್ ಇಲ್ಲದ, ಎಂಬತ್ತು ತುಂಬಿದ ವೃದ್ಧರಿಗೆ 139ಎಎ ಕಲಂ ಅನ್ವಯಿಸದೆಂದು 2017ರ ಮೇ 11ರಂದೇ ಅಧಿಸೂಚನೆ ಹೊರಡಿಸಿದ ಇಲಾಖೆ ಅದನ್ನು ಹಳ್ಳಿಯ ಅಂಚೆ ಕಚೇರಿಯ ಗೋಡೆಗೆ ಅಂಟಿಸುವ ಶ್ರಮವನ್ನು ತೆಗೆದುಕೊಳ್ಳಲಿಲ್ಲ. ಯಾವ ಅಕ್ಷರ ಹೊಂದಲಿಲ್ಲವೆಂದು ಹೇಳುವಷ್ಟು ಸೌಜನ್ಯವೂ ಇಲ್ಲದ ಯಂತ್ರವನ್ನು ಸುಧಾರಿಸಿರೆಂದು ಸಮಾಜದ ಸಂಘಟನೆಗಳು ಒಕ್ಕೊರಲಿನಿಂದ ಕೇಳಬೇಕು. ಆದರೆ ಸರಕಾರದ ದೋಷವು ಗೃಹಸ್ಥನ ಸಹಿಯನ್ನು ಗುಮಾಸ್ತನಿಗೆ ಒಪ್ಪಿಸಲು ಅಪ್ಪಣೆಚೀಟಿಯಾಗುವುದಿಲ್ಲ.

ಆಡಳಿತ ಮಂಡಳಿಗಳ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಬೇಕು. ಸಂಸ್ಥೆಯ ತೆರಿಗೆ ಖಾತೆಯ ಮುಖ್ಯ ಸಂಪರ್ಕ ವ್ಯಕ್ತಿ ಯಾರೆಂಬುದನ್ನು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಅವರು ನಿವೃತ್ತರಾದ ಅಥವಾ ತೀರಿಕೊಂಡ ವಾರವೇ ಖಾತೆಯಲ್ಲಿ ಹೆಸರು ಬದಲಾಗಬೇಕು. 2025ರ ತಿದ್ದುಪಡಿಯಿಂದ ವಾರ್ಷಿಕ ಆದಾಯ ಐದು ಕೋಟಿ ರೂಪಾಯಿ ಮೀರದ ಸಂಸ್ಥೆಗಳಿಗೆ ಐದರ ಬದಲು ಹತ್ತು ವರ್ಷಗಳ ನೋಂದಣಿ ದೊರೆಯುತ್ತದೆ. ಬಹುತೇಕ ಬಸದಿಗಳು ಈ ಗುಂಪಿಗೇ ಸೇರುತ್ತವೆ. ಅನುಕೂಲವೇ ಸರಿ, ಆದರೆ ಹತ್ತು ವರ್ಷಗಳಲ್ಲಿ ಮಂಡಳಿ ಎರಡು ಮೂರು ಬಾರಿಯಾದರೂ ಬದಲಾಗುತ್ತದೆ, ಇಂದು ಪಾಸ್‌ವರ್ಡ್ ಬಲ್ಲವನು ಅಂದು ಇರುವನೆಂಬ ಭರವಸೆ ಯಾರಿಗೂ ಇಲ್ಲ. ಡಬ್ಬಿಯಲ್ಲಿರುವ ಡಿಜಿಟಲ್ ಸಹಿಗಳನ್ನು ಹಿಂದಕ್ಕೆ ತರಿಸಿ, ಅವಧಿ ಮುಗಿದವನ್ನು ಹೊಸತು ಮಾಡಿಸಿ, ಒಡೆಯರ ಕೈಯಲ್ಲೇ ಇಡಬೇಕು. ಜಾಲತಾಣದಲ್ಲಿ 'ಇ-ಫೈಲಿಂಗ್ ವಾಲ್ಟ್' ಎಂಬ ಹೆಚ್ಚುವರಿ ರಕ್ಷಣೆಯಿದೆ. ಅದನ್ನು ಆಯ್ದುಕೊಂಡರೆ ಪಾಸ್‌ವರ್ಡ್ ಒಂದರಿಂದಲೇ ಯಾರೂ ಒಳಹೋಗಲಾರರು. ಸಂಪರ್ಕಕ್ಕೆಂದು ಬಸದಿಯದೇ ಒಂದು ಮೊಬೈಲ್ ಸಂಖ್ಯೆಯನ್ನೂ ಒಂದು ಇ-ಮೇಲನ್ನೂ ಇಟ್ಟುಕೊಂಡು, ಆ ಫೋನನ್ನು ಕಚೇರಿಯ ಕಪಾಟಿನಲ್ಲಿ ನಡಾವಳಿ ಪುಸ್ತಕದೊಡನೆ ಇರಿಸಿ, ವಾರಕ್ಕೊಮ್ಮೆ ತೆರೆದು ನೋಡುವ ಕೆಲಸವನ್ನು ಕಾರ್ಯದರ್ಶಿಗೆ ವಹಿಸಬೇಕು. ಅದರ ರೀಚಾರ್ಜಿನ ಖರ್ಚನ್ನು ದೀಪದೆಣ್ಣೆಯ ಖರ್ಚಿನಂತೆ ಪ್ರತಿ ತಿಂಗಳ ಲೆಕ್ಕದಲ್ಲಿ ಬರೆದರೆ ಸಂಖ್ಯೆ ನಿಂತುಹೋಗಿ ಪರರ ಪಾಲಾಗುವುದು ತಪ್ಪುತ್ತದೆ.